ಪೋರ್ಚುಗಲ್‌ಗೆ ಹೊರಡುವ ಮುನ್ನ ಕಲಿಯಬೇಕಾದ ಮಾತು, ತಿಳಿದಿರಬೇಕಾದ ಮರ್ಯಾದೆ

ಪೋರ್ಚುಗಲ್‌ಗೆ ಟಿಕೆಟ್ ಮಾಡಿಸಿದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಅಲ್ಲಿ ಇಂಗ್ಲಿಷ್ ನಡೆಯುತ್ತದಂತೆ, ಪೋರ್ಚುಗೀಸ್ ಕಲಿಯಲೇಬೇಕಾ?” ಲಿಸ್ಬನ್, ಪೋರ್ತೊ, ಅಲ್ಗಾರ್ವ್ ಕರಾವಳಿಯ ಹೋಟೆಲುಗಳಲ್ಲಿ ಇಂಗ್ಲಿಷ್ ಧಾರಾಳವಾಗಿ ನಡೆಯುತ್ತದೆ. ಯುವಕರು ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಬಡಾವಣೆಯ ಬೇಕರಿಯ ಅಜ್ಜಿ, ಅಲೆಂತೇಜು ಕಡೆಯ ಬಸ್ ಡ್ರೈವರ್, ಸಂತೆಯಲ್ಲಿ ಹಣ್ಣು ಮಾರುವವರು, ಇವರ ಹತ್ತಿರ ಇಂಗ್ಲಿಷ್ ಸಾಗುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಪೋರ್ಚುಗಲ್‌ನಲ್ಲಿ ಮೊದಲು ವಂದನೆ, ಆಮೇಲೆ ಕೆಲಸದ ಮಾತು. ಈ ಕ್ರಮ ತಪ್ಪಿದರೆ ಎಷ್ಟೇ ಒಳ್ಳೆಯ ಇಂಗ್ಲಿಷ್ ಆಡಿದರೂ ಎದುರಿನವರ ಮುಖ ಅರಳುವುದಿಲ್ಲ. ಕ್ರಮ ಗೊತ್ತಿದ್ದರೆ ಹರಕುಮುರುಕು ಪೋರ್ಚುಗೀಸೂ ಸಾಕು.

2016ರಿಂದ ಲಿಸ್ಬನ್‌ನಲ್ಲಿ ನಡೆಯುತ್ತಿರುವ ವೆಬ್ ಸಮ್ಮಿಟ್ ಎಂಬ ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗುವ ಬೆಂಗಳೂರಿನ ಟೆಕ್ಕಿಗಳಿಂದ ಹಿಡಿದು ಮಕ್ಕಳ ಮನೆಗೆ ಹೊರಟ ಅಪ್ಪ–ಅಮ್ಮಂದಿರವರೆಗೆ ಎಲ್ಲರಿಗೂ ಉಪಯೋಗವಾಗಲಿ ಎಂದು ಇದನ್ನು ಹಂತ ಹಂತವಾಗಿ ಬರೆದಿದ್ದೇನೆ. ಬೇಕಾಗುವ ಸಾಮಾನು ಸ್ವಲ್ಪವೇ: ಜೇಬಿಗೆ ಹಿಡಿಸುವ ಒಂದು ಪುಸ್ತಕ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವಂತೆ ಮೊದಲೇ ಇಳಿಸಿಕೊಂಡ ಅನುವಾದದ ಆ್ಯಪ್, ಒಂದಷ್ಟು ಚಿಲ್ಲರೆ ಯೂರೊ. ದಿನಕ್ಕೆ ಕಾಲು ಗಂಟೆಯಂತೆ ಎರಡು ವಾರ ಬಾಯಿಬಿಟ್ಟು ಹೇಳಿಕೊಂಡರೆ ಇಲ್ಲಿರುವುದೆಲ್ಲ ನಾಲಿಗೆಗೆ ಹತ್ತುತ್ತದೆ.

ಹಂತ 1: ಯಾವ ದೇಶದ ಪೋರ್ಚುಗೀಸ್ ಎಂದು ನೋಡಿಕೊಳ್ಳಿ

ಫೋನಿನಲ್ಲಿ ಭಾಷೆ ಕಲಿಸುವ ಆ್ಯಪ್‌ಗಳು ಹೆಚ್ಚಾಗಿ ಕಲಿಸುವುದು ಬ್ರೆಜಿಲ್‌ನ ಪೋರ್ಚುಗೀಸನ್ನು. ಅದನ್ನು ಕಲಿತು ಹೋದರೆ ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ, ಅವರ ಮಾತು ನಿಮಗೆ ಅರ್ಥವಾಗುವುದಿಲ್ಲ. ಬ್ರೆಜಿಲ್‌ನ ಬಹುಭಾಗದಲ್ಲಿ “ಬೊಂ ಜೀಅ” (ಶುಭೋದಯ) ಎನ್ನುವುದನ್ನು ಪೋರ್ಚುಗಲ್‌ನವರು “ಬೊಂ ದೀಅ” ಎನ್ನುತ್ತಾರೆ. ಪದಗಳೂ ಬೇರೆ. ರೈಲು ಬ್ರೆಜಿಲ್‌ನಲ್ಲಿ “ತ್ರೇಂ”, ಪೋರ್ಚುಗಲ್‌ನಲ್ಲಿ “ಕೊಂಬೊಯು”. ಬಸ್ಸು ಅಲ್ಲಿ “ಓನಿಬುಸ್”, ಇಲ್ಲಿ “ಔತುಕಾರ್ರು”. ಶೌಚಾಲಯ ಅಲ್ಲಿ “ಬಞೇಯ್ರು”, ಇಲ್ಲಿ “ಕಾಜ಼ ದ್ ಬಾಞು”. ಆ್ಯಪ್‌ನಲ್ಲಾಗಲಿ ವಿಡಿಯೊದಲ್ಲಾಗಲಿ “ಯುರೋಪಿಯನ್ ಪೋರ್ಚುಗೀಸ್” ಎಂದು ಬರೆದಿರುವುದನ್ನೇ ಆರಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಸ್ಪೇನ್ ನೋಡಿಕೊಂಡು ಪೋರ್ಚುಗಲ್‌ಗೆ ಬರುವವರು ಸ್ಪ್ಯಾನಿಷಿನಲ್ಲಿ “ಗ್ರಾಸಿಯಾಸ್” (ಧನ್ಯವಾದ) ಎಂದುಬಿಡುತ್ತಾರೆ. ಪೋರ್ಚುಗಲ್‌ನವರಿಗೆ ಸ್ಪ್ಯಾನಿಷ್ ಅರ್ಥವಾಗುತ್ತದೆ. ಆದರೂ ತಮ್ಮ ಭಾಷೆಯನ್ನು ಪಕ್ಕದ ದೇಶದ ಭಾಷೆಯೆಂದು ತಿಳಿದರೆ ಅವರಿಗೆ ಬೇಸರವಾಗುತ್ತದೆ. ಪೋರ್ಚುಗೀಸ್ ಬಾರದಿದ್ದರೆ ಇಂಗ್ಲಿಷ್ ಆಡಿ, ಸ್ಪ್ಯಾನಿಷ್ ಬೇಡ.

ಹಂತ 2: ಸದ್ದು ಹಿಡಿಯಿರಿ

ಕನ್ನಡಿಗರಿಗೆ ಇಲ್ಲಿ ಅನುಕೂಲವಿದೆ. ಪೋರ್ಚುಗೀಸಿನ ‘ಟಿ’, ‘ಡಿ’ ಅಕ್ಷರಗಳ ಸದ್ದು ನಮ್ಮ ತ, ದ. ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಎನ್ನಬೇಡಿ, ಅಷ್ಟೇ. ಅವರ ‘ಎನ್‌ಎಚ್’ ಜೋಡಿ ನಮ್ಮ ಞ. ವರ್ಣಮಾಲೆಯಲ್ಲಿ ಕಲಿತು ಮರೆತಿದ್ದ ಆ ಅಕ್ಷರಕ್ಕೆ ಇಲ್ಲಿ ದಿನವೂ ಕೆಲಸವಿದೆ. ‘ಎಲ್‌ಎಚ್’ ಎಂದರೆ ಲ್ಯ. ‘ಎ’ ಅಕ್ಷರದ ಮೇಲೆ ಅಲೆಯಂಥ ಗೆರೆ ಕಂಡರೆ ಮೂಗಿನಿಂದ ಹೇಳಿ. “ಇಲ್ಲ” ಎಂಬುದಕ್ಕೆ ಅವರ ಪದ “ನಾಂವ್”. ಮಂಗಳೂರು ಕಡೆಯ ಕೊಂಕಣಿ ಮಾತಾಡುವವರಿಗೆ ಈ ಮೂಗಿನ ಸದ್ದು ಹೇಳಿಕೊಡಬೇಕಾದ್ದೇ ಇಲ್ಲ.

ಕಷ್ಟವಾಗುವುದು ಎರಡು. ಒಂದು, ಪದದ ಕೊನೆಯ ‘ಎಸ್’ ಮತ್ತು ‘ಜ಼ೆಡ್’ ಬಹುಪಾಲು “ಶ್” ಆಗುತ್ತವೆ. ಎರಡು, ಒತ್ತು ಬೀಳದ ಸ್ವರಗಳನ್ನು ಅವರು ನುಂಗುತ್ತಾರೆ. ಕಾಗದದ ಮೇಲೆ “ತಾರ್ದೆ” ಎಂದಿರುವುದು ಬಾಯಲ್ಲಿ “ತಾರ್ದ್” ಆಗುತ್ತದೆ. ನಾವು ಪ್ರತಿ ಅಕ್ಷರವನ್ನೂ ತುಂಬಿ ಹೇಳುವವರಾದ್ದರಿಂದ ಮೊದಮೊದಲು ಕಿವಿಗೆ ಏನೂ ಸಿಗುವುದಿಲ್ಲ. ಹೆದರಬೇಡಿ, ಕೇಳುತ್ತ ಕೇಳುತ್ತ ಕಿವಿ ಒಗ್ಗುತ್ತದೆ. ಈ ಬರಹದಲ್ಲಿ ಜ಼ ಎಂದು ಚುಕ್ಕೆ ಹಾಕಿದ್ದರೆ ‘ಜ಼ೀರೊ’ದ ಸದ್ದು, ಝ ಎಂದಿದ್ದರೆ ‘ಪ್ಲೆಷರ್’ ಪದದ ನಡುವಿನ ಸದ್ದು ಎಂದು ತಿಳಿಯಿರಿ. ಫ ಎಲ್ಲ ಕಡೆ ಫ್ಯಾನ್‌ನ ಫ.

ಹಂತ 3: ವಂದನೆ ಮತ್ತು ನಾಲ್ಕು ಸೌಜನ್ಯದ ಮಾತು

ಮಧ್ಯಾಹ್ನ 12ರವರೆಗೆ “ಬೊಂ ದೀಅ”. ಅಲ್ಲಿಂದ ಕತ್ತಲಾಗುವವರೆಗೆ “ಬೊಅ ತಾರ್ದ್”. ಕತ್ತಲಾದ ಮೇಲೆ “ಬೊಅ ನೊಯ್ತ್”. ಕೊನೆಯದನ್ನು ಎದುರಾದಾಗಲೂ ಹೇಳುತ್ತಾರೆ, ಹೊರಡುವಾಗಲೂ ಹೇಳುತ್ತಾರೆ. ರಾತ್ರಿ ಎಂಟಕ್ಕೆ ಹೋಟೆಲಿಗೆ ಕಾಲಿಟ್ಟ ಕೂಡಲೇ “ಬೊಅ ನೊಯ್ತ್” ಎಂದು ಸ್ವಾಗತಿಸಿದರೆ ಮಲಗಲು ಕಳಿಸುತ್ತಿದ್ದಾರೆ ಎಂದುಕೊಳ್ಳಬೇಡಿ.

ಎಲ್ಲೆಲ್ಲಿ ಹೇಳಬೇಕು? ಸಣ್ಣ ಅಂಗಡಿಯೊಳಗೆ ಹೋದಾಗ, ಬಸ್ ಹತ್ತಿ ಡ್ರೈವರ್ ಎದುರು ನಿಂತಾಗ, ಡಾಕ್ಟರ ಬಳಿ ಕಾಯುವ ಕೋಣೆಗೆ ಹೋದಾಗ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಗುರುತಿಲ್ಲದವರು ಸಿಕ್ಕಾಗಲೂ. ನಮ್ಮಲ್ಲಿ ಅಂಗಡಿಯವರಿಗೆ ನೇರವಾಗಿ “ಅರ್ಧ ಕೆಜಿ ಸಕ್ಕರೆ ಕೊಡಿ” ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿ ವಂದನೆಯಿಲ್ಲದೆ ಬೇಡಿಕೆ ಇಟ್ಟರೆ ಒರಟು ಅನ್ನಿಸುತ್ತದೆ. “ಬೊಂ ದೀಅ” ಎಂದು, ಅವರು ತಿರುಗಿ ಹೇಳುವವರೆಗೆ ಒಂದು ಕ್ಷಣ ತಡೆದು, ಆಮೇಲೆ ಕೇಳಿ.

ಧನ್ಯವಾದ ಹೇಳುವವರು ಗಂಡಸಾದರೆ “ಒಬ್ರಿಗಾದು”, ಹೆಂಗಸಾದರೆ “ಒಬ್ರಿಗಾದ”. ಎದುರಿಗಿರುವವರು ಯಾರು ಎಂಬುದು ಲೆಕ್ಕಕ್ಕಿಲ್ಲ, ಹೇಳುವ ನೀವು ಯಾರು ಎಂಬುದೇ ಲೆಕ್ಕ. ಹೆಚ್ಚಿನವರು ತಪ್ಪುವುದು ಇಲ್ಲಿಯೇ.

“ದಯವಿಟ್ಟು” ಎನ್ನಲು “ಪುರ್ ಫವೋರ್” ಇದೆ. ಅಷ್ಟೇ ಬಳಕೆಯಲ್ಲಿರುವ ಇನ್ನೊಂದು “ಸ್ ಫಾಶ್ ಫವೋರ್”. ಮಾಣಿಯನ್ನು ಕರೆಯುವುದಕ್ಕೂ ಇದೇ ಮಾತು. ಚಿಟಿಕೆ ಹೊಡೆಯುವುದು, ಶಿಳ್ಳೆ ಹಾಕುವುದು ಕೂಡದು. ಕೈ ಸ್ವಲ್ಪ ಎತ್ತಿ, ಕಣ್ಣು ಕೂಡಿದಾಗ “ಸ್ ಫಾಶ್ ಫವೋರ್” ಎಂದರೆ ಬರುತ್ತಾರೆ.

“ಕ್ಷಮಿಸಿ” ಎನ್ನಲು “ದಶ್‌ಕುಲ್ಪ್”. ಜನರ ನಡುವೆ ಜಾಗ ಮಾಡಿಕೊಂಡು ಹೋಗಬೇಕಾದಾಗ, ಯಾರದಾದರೂ ಎದುರಿನಿಂದ ಕೈ ಚಾಚಬೇಕಾದಾಗ “ಕೊಂ ಲಿಸೇಂಸ”. ಹೌದು ಎಂದರೆ “ಸಿಂ”.

ಭಾಷೆ ಬಾರದು ಎನ್ನುವುದನ್ನೂ ಅವರದೇ ಭಾಷೆಯಲ್ಲಿ ಹೇಳುವುದು ಒಳ್ಳೆಯದು:

“ದಶ್‌ಕುಲ್ಪ್, ನಾಂವ್ ಫಾಲು ಪುರ್ತುಗೇಶ್. ಫಾಲ ಇಂಗ್ಲೇಶ್?” — ಕ್ಷಮಿಸಿ, ನನಗೆ ಪೋರ್ಚುಗೀಸ್ ಬರುವುದಿಲ್ಲ. ಇಂಗ್ಲಿಷ್ ಬರುತ್ತದೆಯೇ?

“ನಾಂವ್ ಪರ್ಸೇಬು. ಮಾಯ್ಶ್ ದ್‌ವಗಾರ್, ಪುರ್ ಫವೋರ್.” — ಅರ್ಥವಾಗಲಿಲ್ಲ. ಸ್ವಲ್ಪ ನಿಧಾನವಾಗಿ ಹೇಳಿ.

“ಪೊದ್ ಇಶ್‌ಕ್ರವೇರ್?” — ಬರೆದುಕೊಡುತ್ತೀರಾ? (ಬೆಲೆ, ವಿಳಾಸ ಕೇಳುವಾಗ ಇದಕ್ಕಿಂತ ಉಪಯೋಗದ ಮಾತಿಲ್ಲ.)

ಮಾತಿನ ನಡುವೆ ಅವರು ಆಗಾಗ “ಪೊಯ್ಶ್, ಪೊಯ್ಶ್” ಎನ್ನುವುದನ್ನು ಕೇಳುತ್ತೀರಿ. ನಮ್ಮ “ಹೂಂ, ಹೌದೌದು” ಇದ್ದ ಹಾಗೆ. ಕೇಳಿಸಿಕೊಳ್ಳುತ್ತಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದರು ಎಂದಲ್ಲ.

ಹಂತ 4: ನೀನು, ನೀವು, ಮತ್ತು ಕೆನ್ನೆಗೆ ಕೆನ್ನೆ

ಕನ್ನಡದಂತೆ ಅಲ್ಲಿಯೂ ಏಕವಚನ–ಬಹುವಚನದ ಮರ್ಯಾದೆಯಿದೆ. ಸ್ನೇಹಿತರಿಗೆ, ಮಕ್ಕಳಿಗೆ “ತು”. ಅಪರಿಚಿತರಿಗೆ, ಹಿರಿಯರಿಗೆ ಗಂಡಸಾದರೆ “ಉ ಸಿಞೋರ್”, ಹೆಂಗಸಾದರೆ “ಅ ಸಿಞೋರ”. ಬ್ರೆಜಿಲ್‌ನಲ್ಲಿ ಎಲ್ಲರಿಗೂ ಸಲ್ಲುವ “ವೊಸೇ” ಪೋರ್ಚುಗಲ್‌ನಲ್ಲಿ ಹಿರಿಯರ ಕಿವಿಗೆ ಒರಟಾಗಿ ಕೇಳಬಹುದು, ಆದ್ದರಿಂದ ಅದನ್ನು ಬಿಟ್ಟುಬಿಡಿ. ಮೇಲೆ ಕೊಟ್ಟ “ಫಾಲ ಇಂಗ್ಲೇಶ್?” ವಾಕ್ಯದಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಕ್ರಿಯಾಪದದಲ್ಲೇ ಗೌರವ ಅಡಗಿದೆ. ಹೊಸಬರಿಗೆ ಇದೇ ಕ್ಷೇಮದ ದಾರಿ.

ಮೊದಲ ಭೇಟಿಯಲ್ಲಿ ಗಂಡಸರು ಕೈಕುಲುಕುತ್ತಾರೆ. ಹೆಂಗಸರ ನಡುವೆ, ಗಂಡು–ಹೆಣ್ಣಿನ ನಡುವೆ, ಮನೆಯ ಭೇಟಿಗಳಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಸಲ ಮುತ್ತಿನ ಸದ್ದು ಮಾಡುವ ರೂಢಿಯಿದೆ. ಸಾಮಾನ್ಯವಾಗಿ ಬಲಗೆನ್ನೆಯಿಂದ ಶುರು. ನಿಮಗೆ ಮುಜುಗರವಾದರೆ ಅವರು ಬಾಗುವ ಮುಂಚೆಯೇ ನಗುತ್ತ ಕೈ ಚಾಚಿ, ಇಲ್ಲವೇ ಕೈಜೋಡಿಸಿ. ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದಕ್ಕೆ ಸರಿದು ನಿಂತರೆ ಮಾತ್ರ ನೋವಾಗುತ್ತದೆ.

ಹಂತ 5: ಅಂಗಡಿ, ಸರದಿ, ಬೋರ್ಡು

ಬೇಕರಿ, ಔಷಧಿ ಅಂಗಡಿ, ಸೂಪರ್‌ಮಾರ್ಕೆಟ್ಟಿನ ಚೀಸ್ ಕೌಂಟರ್, ಸರ್ಕಾರಿ ಕಚೇರಿ, ಎಲ್ಲಿ ಜನ ನಿಂತಿದ್ದರೂ ಮೊದಲು ಗೋಡೆ ಅಥವಾ ಕಂಬದ ಮೇಲೆ ಚೀಟಿ ಯಂತ್ರವಿದೆಯೇ ನೋಡಿ. ಅದು ಕೊಡುವ ನಂಬರು ಚೀಟಿಗೆ “ಸೇಞ” ಎನ್ನುತ್ತಾರೆ. ಚೀಟಿ ಹರಿದುಕೊಳ್ಳದೆ ಎಷ್ಟು ಹೊತ್ತು ನಿಂತರೂ ನಿಮ್ಮ ಸರದಿ ಬರುವುದಿಲ್ಲ. ಗರ್ಭಿಣಿಯರು, ಕೈಗೂಸಿದ್ದವರು, ಅಂಗವಿಕಲರು, ವಯಸ್ಸಾಗಿ ನಿಲ್ಲಲು ಕಷ್ಟಪಡುವವರು, ಇವರಿಗೆ ಮೊದಲ ಸೇವೆ ಕೊಡಬೇಕೆಂದು 2016ರ ಕಾನೂನೇ ಇದೆ. ವಯಸ್ಸಾದ ಅಪ್ಪ–ಅಮ್ಮ ಜೊತೆಗಿದ್ದರೆ “ಪ್ರಿಯೊರಿದಾದ್” ಎಂಬ ಪದವಿರುವ ಕೌಂಟರ್ ಹುಡುಕಿ. ಸಂಕೋಚ ಬೇಡ.

ಬೆಲೆ ಕೇಳಲು “ಕ್ವಾಂತು ಎ?” ಸಾಕು. ಸಂಖ್ಯೆಗಳು: ಉಂ, ದೊಯ್ಶ್, ತ್ರೇಶ್, ಕ್ವಾತ್ರು, ಸೀಂಕು, ಸೈಶ್, ಸೆತ್, ಒಯ್ತು, ನೊವ್, ದೆಶ್. ಬೆಲೆ ಬರೆಯುವಾಗ ನಾವು ಚುಕ್ಕಿ ಇಡುವಲ್ಲಿ ಅವರು ಅಲ್ಪವಿರಾಮ ಇಡುತ್ತಾರೆ. 1,20 ಎಂದರೆ ಒಂದು ಯೂರೊ ಇಪ್ಪತ್ತು ಸೆಂಟ್. 1.200 ಎಂದರೆ ಸಾವಿರದ ಇನ್ನೂರು. ಕೆಲವು ಸಣ್ಣ ಅಂಗಡಿ, ಹೋಟೆಲುಗಳಲ್ಲಿ ಅವರ ದೇಶದ ‘ಮುಲ್ತಿಬಾಂಕು’ ಜಾಲದ ಕಾರ್ಡು ಮಾತ್ರ ನಡೆಯುತ್ತದೆ, ನಮ್ಮ ಕಾರ್ಡು ನಡೆಯದು. ಆದ್ದರಿಂದ ನಗದು ಇಟ್ಟುಕೊಳ್ಳಿ. ಎಟಿಎಂ ಅಥವಾ ಕಾರ್ಡ್ ಯಂತ್ರ “ರೂಪಾಯಿಯಲ್ಲಿ ಕಡಿತ ಮಾಡಲೇ?” ಎಂದು ಕೇಳಿದರೆ ಯೂರೊ ಆರಿಸಿ. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ನಿಮಗೇ ನಷ್ಟ.

ಇನ್ನು ಬೋರ್ಡುಗಳು. ಬಾಗಿಲ ಮೇಲೆ ಪಿ–ಯು–ಎಕ್ಸ್–ಇ ಎಂದು ಬರೆದಿರುತ್ತದೆ. ಓದಿದರೆ “ಪೂಶ್” ಎಂದೇ ಕೇಳುತ್ತದೆ, ಅರ್ಥ ಮಾತ್ರ “ಎಳೆಯಿರಿ”. ತಳ್ಳಿ ತಳ್ಳಿ ಸುಸ್ತಾಗಬೇಡಿ. ತಳ್ಳಬೇಕಾದ ಬಾಗಿಲಿನ ಮೇಲೆ “ಎಂಪೂರ್ರ್” ಎಂದಿರುತ್ತದೆ, ಅದು ಇ–ಎಂ ಎಂದು ಶುರುವಾಗುತ್ತದೆ. ಶೌಚಾಲಯ ಎಲ್ಲಿದೆ ಎಂದು ಕೇಳಲು “ಒಂದ್ ಎ ಅ ಕಾಜ಼ ದ್ ಬಾಞು?” ಬಾಗಿಲಲ್ಲಿ ಚಿತ್ರವಿಲ್ಲದೆ ಬರೀ ಅಕ್ಷರವಿದ್ದರೆ ಎಚ್ ಗಂಡಸರದು, ಎಸ್ ಹೆಂಗಸರದು. ಎಂ ಕಂಡರೂ ಅದು ಹೆಂಗಸರದೇ. ಇಂಗ್ಲಿಷಿನ ಲೆಕ್ಕದಲ್ಲಿ ಎಂ ಎಂದರೆ ಗಂಡಸರು ಎಂದು ನುಗ್ಗಬೇಡಿ.

ವಾರದ ಹೆಸರುಗಳಲ್ಲೂ ಎಡವುವ ಜಾಗವಿದೆ. ಅವರ ಎಣಿಕೆ ಭಾನುವಾರದಿಂದ. ಸೋಮವಾರ ಎರಡನೆಯ ದಿನ, “ಸಗೂಂದ ಫೈರ”. ಮಂಗಳವಾರ “ತೇರ್ಸ”, ಬುಧ “ಕ್ವಾರ್ತ”, ಗುರು “ಕೀಂತ”, ಶುಕ್ರ “ಸೈಶ್ತ”. ಶನಿವಾರ “ಸಾಬದು”, ಭಾನುವಾರ “ದುಮೀಂಗು”. ಬೋರ್ಡಿನಲ್ಲಿ 2 ಎಂದು ಬರೆದು ಪಕ್ಕದಲ್ಲಿ ಪುಟ್ಟ ‘ಎ’ ಇಟ್ಟಿದ್ದರೆ ಅದು ಸೋಮವಾರ, ಮಂಗಳವಾರವಲ್ಲ. ಇದು ಯಾಕೆ ಮುಖ್ಯವೆಂದರೆ ಬಹಳಷ್ಟು ಮ್ಯೂಸಿಯಂಗಳು ಸೋಮವಾರ ಬಾಗಿಲು ಹಾಕುತ್ತವೆ. ವಾಸ್ಕೊ ಡ ಗಾಮನ ಸಮಾಧಿಯಿರುವ, ಲಿಸ್ಬನ್‌ನ ಬೆಲೇಂ ಬಡಾವಣೆಯ ಝೆರೋನಿಮುಶ್ ಮಠಕ್ಕೂ ಅಂದೇ ರಜೆ. “ಅಬೆರ್ತು” ಎಂದರೆ ತೆರೆದಿದೆ, “ಫಶಾದು” ಅಥವಾ “ಎಂಸರ್ರಾದು” ಎಂದರೆ ಮುಚ್ಚಿದೆ.

ಹಂತ 6: ಊಟ

ಹೆಚ್ಚು ಪ್ರಶ್ನೆ ಬರುವುದು ಊಟದ ಬಗ್ಗೆಯೇ, ಅದರಲ್ಲೂ ಸಸ್ಯಾಹಾರಿಗಳಿಂದ. ಮೊದಲು ಎಲ್ಲರಿಗೂ ಸಂಬಂಧಿಸಿದ್ದು.

ಮಧ್ಯಾಹ್ನದ ಊಟ ಸುಮಾರು 12.30ರಿಂದ 2.30ರವರೆಗೆ. ರಾತ್ರಿಯ ಅಡುಗೆ 7.30ರ ಮೇಲೆ. ನಡುವೆ ಅನೇಕ ಕಡೆ ಅಡುಗೆಮನೆ ಬಂದ್. ಆ ಹೊತ್ತಿಗೆ ಹಸಿವಾದರೆ “ಪಶ್ತಲರೀಅ” ಎಂಬ ಬೇಕರಿ–ಕಾಫಿ ಅಂಗಡಿ ಹುಡುಕಿ.

ಕುಳಿತ ಕೂಡಲೇ ನೀವು ಕೇಳದಿದ್ದರೂ ಬ್ರೆಡ್ಡು, ಆಲಿವ್, ಬೆಣ್ಣೆ, ಕೆಲವೊಮ್ಮೆ ಚೀಸು ತಂದಿಡುತ್ತಾರೆ. ಇದಕ್ಕೆ “ಕೂವೇರ್” ಎನ್ನುತ್ತಾರೆ. ಬಿಟ್ಟಿಯಲ್ಲ. ತಿಂದರೆ ಬಿಲ್ಲಿಗೆ ಸೇರುತ್ತದೆ, ಮುಟ್ಟದಿದ್ದರೆ ಹಣ ಕೇಳುವಂತಿಲ್ಲ ಎಂದು ಕಾನೂನಿದೆ. ಬೇಡವಾದರೆ ತಂದ ಕೂಡಲೇ “ನಾಂವ್, ಒಬ್ರಿಗಾದು” ಎಂದು ವಾಪಸ್ ಕಳಿಸಿ. ಇದರಲ್ಲಿ ಅವಮಾನವೇನಿಲ್ಲ, ಸ್ಥಳೀಯರೂ ಕಳಿಸುತ್ತಾರೆ.

ನೀರು ಕೇಳಿದರೆ ಎರಡು ಪ್ರಶ್ನೆ ಬರುತ್ತದೆ. “ಕೊಂ ಗಾಶ್?” ಎಂದರೆ ಗ್ಯಾಸ್ ಇರುವುದೇ, “ಸೈಂ ಗಾಶ್?” ಎಂದರೆ ಇಲ್ಲದ್ದೇ. ಆಮೇಲೆ “ಫ್ರೇಶ್ಕ ಓ ನತುರಾಲ್?” ಫ್ರೇಶ್ಕ ಎಂದರೆ ತಣ್ಣಗಿರುವುದು, ನತುರಾಲ್ ಎಂದರೆ ಫ್ರಿಜ್ಜಿನಲ್ಲಿಡದ್ದು. “ಆಗ್ವ ಸೈಂ ಗಾಶ್, ನತುರಾಲ್” ಎಂದರೆ ಮನೆಯ ಹೂಜಿಯ ನೀರಿನ ಹದದ್ದು ಸಿಗುತ್ತದೆ.

“ಉಂ ಕಫೆ” ಎಂದು ಕೇಳಿದರೆ ಬರುವುದು ಪುಟ್ಟ ಬಟ್ಟಲಿನಲ್ಲಿ ಗಟ್ಟಿ ಕಪ್ಪು ಕಾಫಿ. ಲಿಸ್ಬನ್‌ನಲ್ಲಿ ಇದಕ್ಕೆ “ಬೀಕ” ಎಂದೂ ಹೆಸರು. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ್ದು ಬೇಕಾದರೆ “ಮೈಅ ದ್ ಲೈತ್”, ಅಂದರೆ ಅರ್ಧ ಕಾಫಿ ಅರ್ಧ ಹಾಲು. ಎತ್ತರದ ಗಾಜಿನ ಲೋಟದಲ್ಲಿ ಹಾಲೇ ಹೆಚ್ಚಿರುವುದು “ಗಲಾಂವ್”. ಟೀ “ಶಾ”, ಹಾಲು ಬೇಕಾದರೆ “ಕೊಂ ಲೈತ್” ಎಂದು ಸೇರಿಸಲೇಬೇಕು. ಕೌಂಟರಿನಲ್ಲಿ ನಿಂತು ಕುಡಿಯುವುದಕ್ಕಿಂತ ಹೊರಗೆ ಬಯಲಿನ ಮೇಜಿನಲ್ಲಿ ಕುಳಿತರೆ ಕೆಲವೆಡೆ ಬೆಲೆ ಹೆಚ್ಚು. ದರಪಟ್ಟಿಯಲ್ಲಿ “ಬಲ್ಕಾಂವ್” ಎಂದರೆ ಕೌಂಟರ್, “ಇಶ್‌ಪ್ಲನಾದ” ಎಂದರೆ ಹೊರಗಿನ ಮೇಜು.

ಈಗ ಸಸ್ಯಾಹಾರ. “ಸೋ ವಝತರಿಯಾನು” (ಹೆಂಗಸಾದರೆ “ವಝತರಿಯಾನ”) ಎಂದರೆ ದೊಡ್ಡ ಊರುಗಳಲ್ಲಿ ಅರ್ಥವಾಗುತ್ತದೆ. ಹಳ್ಳಿ ಕಡೆ ಅಷ್ಟಕ್ಕೇ ನಿಲ್ಲಿಸಬೇಡಿ. ಅವರ ಮಾತಿನಲ್ಲಿ “ಕಾರ್ನ್” ಎಂದರೆ ಮಾಂಸ, ಮೀನು ಅದರಲ್ಲಿ ಸೇರುವುದಿಲ್ಲ. “ಕಾರ್ನ್ ಬೇಡ” ಎಂದವರಿಗೆ ಪ್ರೀತಿಯಿಂದಲೇ ಬಕಲ್ಯಾವ್ ತಂದಿಡುತ್ತಾರೆ, ಅದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಆದ್ದರಿಂದ ಪೂರ್ತಿ ಹೇಳಿ: “ನಾಂವ್ ಕೋಮು ಕಾರ್ನ್, ನೈಂ ಪೈಶ್, ನೈಂ ಓವುಶ್.” ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಎಂದರ್ಥ. ಮೊಟ್ಟೆ ತಿನ್ನುವವರು ಕೊನೆಯ ಎರಡು ಪದ ಬಿಡಿ. ನಾನು ಕೊಡುವ ಸಲಹೆ: ಇಳಿದುಕೊಂಡ ಹೋಟೆಲಿನ ರಿಸೆಪ್ಷನ್‌ನವರಿಂದ ಈ ವಾಕ್ಯವನ್ನು ಅವರ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಅಡುಗೆಯವರಿಗೇ ಆ ಚೀಟಿ ತೋರಿಸಬಹುದು. ಯಾವುದಾದರೂ ಪದಾರ್ಥ ತೋರಿಸಿ “ಲೆವ ಕಾರ್ನ್?” ಎಂದರೆ ಇದರಲ್ಲಿ ಮಾಂಸವಿದೆಯೇ ಎಂದು ಕೇಳಿದಂತೆ.

ಮೋಸಹೋಗುವ ಜಾಗಗಳು ಇವು. “ಕಾಲ್ದು ವೇರ್ದ್” ಹಸಿರು ಸೊಪ್ಪಿನ ಸೂಪು, ನೋಡಲು ಸಾತ್ವಿಕ, ಆದರೆ ಅದರಲ್ಲಿ “ಶೋರೀಸು” ಎಂಬ ಹಂದಿ ಸಾಸೇಜಿನ ತುಂಡು ತೇಲುತ್ತಿರುತ್ತದೆ. “ಸೈಂ ಶೋರೀಸು” ಎಂದರೆ ತುಂಡು ತೆಗೆದು ಕೊಡುತ್ತಾರೆ, ರಸದಲ್ಲಿ ಅದು ಬೆಂದಿರಬಹುದು. “ತೋಶ್ತ ಮೀಶ್ತ” ಎಂಬ ಟೋಸ್ಟಿನಲ್ಲಿ ಚೀಸಿನ ಜೊತೆ ಹಂದಿಮಾಂಸದ ಹಾಳೆ ಇರುತ್ತದೆ. ನೀವು ಕೇಳಬೇಕಾದ್ದು “ತೋಶ್ತ ದ್ ಕೈಝು”, ಬರೀ ಚೀಸಿನದು. “ಪಶ್ತೆಲ್ ದ್ ನಾತ” ಪ್ರಸಿದ್ಧ ಸಿಹಿ, ಮೊಟ್ಟೆಯ ಹಳದಿ ಇಲ್ಲದೆ ಅದು ಆಗುವುದೇ ಇಲ್ಲ. ಪಶ್ತೆಲ್ ಎಂದ ಮಾತ್ರಕ್ಕೆ ಎಲ್ಲವೂ ಸಿಹಿಯಲ್ಲ, “ಪಶ್ತೆಲ್ ದ್ ಬಕಲ್ಯಾವ್” ಮೀನಿನ ಬೋಂಡ. ಹಳೆಯ ಕಾಲದ ಕ್ರೈಸ್ತ ಸನ್ಯಾಸಿನಿಯರ ಮಠಗಳಿಂದ ಬಂದ ಸಿಹಿಗಳಲ್ಲಿ ಮೊಟ್ಟೆ ಹೇರಳ, ಕೆಲವದರಲ್ಲಿ ಹಂದಿ ಕೊಬ್ಬೂ ಇರುತ್ತದೆ. ಅದರ ಹೆಸರು “ಬಾಞ”. ಪ್ಯಾಕೆಟ್ಟಿನ ಮೇಲೆ ಈ ಪದ ಹುಡುಕುವುದನ್ನು ಕಲಿಯಿರಿ.

ಸಮಾಧಾನದ ಸುದ್ದಿಯೂ ಇದೆ. ಚೀಸು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆಂದು ಹಿಂಜರಿಯುವವರು ಸೆರ್ರ ದ ಇಶ್‌ತ್ರೆಲ, ಅಜ಼ೈತಾಂವ್ ಹೆಸರಿನ ಕುರಿ ಹಾಲಿನ ಚೀಸುಗಳನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅವಕ್ಕೆ ಸಂಪ್ರದಾಯದಂತೆ ಹಾಕುವ ಹೆಪ್ಪು ಒಂದು ಬಗೆಯ ಮುಳ್ಳುಗಿಡದ ನೇರಳೆ ಹೂವಿನದು. ಸಂತೆಯಲ್ಲಿ ಹಣ್ಣು–ತರಕಾರಿ ಸಮೃದ್ಧ. ಬತಾತ, ಅನನಾಶ್ ಎಂದು ಕೇಳಿದರೆ ನಮ್ಮ ಬಟಾಟೆ, ಅನಾನಸೇ ಸಿಗುತ್ತವೆ. ಅನ್ನ–ಸಾರಿನ ಆಸೆ ಹೆಚ್ಚಾದರೆ ಲಿಸ್ಬನ್‌ನ ಮರ್ತಿಂ ಮುನೀಶ್ ಚೌಕದ ಸುತ್ತ ಭಾರತ, ನೇಪಾಳ, ಬಾಂಗ್ಲಾದೇಶದವರ ದಿನಸಿ ಅಂಗಡಿ ಮತ್ತು ಹೋಟೆಲುಗಳಿವೆ.

ಬಿಲ್ಲು ತಾವಾಗಿ ತರುವುದಿಲ್ಲ, ಗಿರಾಕಿಯನ್ನು ಎಬ್ಬಿಸುವುದು ಅಲ್ಲಿ ಸಭ್ಯತೆಯಲ್ಲ. “ಅ ಕೋಂತ, ಸ್ ಫಾಶ್ ಫವೋರ್” ಎಂದು ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ. ಕಾಫಿಗೆ ಚಿಲ್ಲರೆ ಬಿಟ್ಟರಾಯಿತು, ಒಳ್ಳೆಯ ಊಟಕ್ಕೆ ಶೇ 5ರಿಂದ 10 ಸಾಕು.

ಫಾದು ಹಾಡುವ ಹೋಟೆಲಿಗೆ ಹೋದರೆ ಬೇರೆಯೇ ಶಿಸ್ತು. ಫಾದು ಅವರ ವಿರಹದ ಹಾಡುಗಾರಿಕೆ, 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ದೀಪ ಮಂದವಾಗಿ ಹಾಡು ಶುರುವಾದ ಮೇಲೆ ಮಾತು, ಚಮಚದ ಸದ್ದು, ಫೋನಿನ ಬೆಳಕು ಯಾವುದೂ ಕೂಡದು. ಮಾಣಿಗಳೂ ತಟ್ಟೆ ತರುವುದನ್ನು ನಿಲ್ಲಿಸುತ್ತಾರೆ. ನಮ್ಮ ಸಂಗೀತ ಕಚೇರಿಯಂತೆ ನಡುನಡುವೆ “ಭಲೆ” ಎನ್ನಬೇಡಿ. ಹಾಡು ಮುಗಿದ ಮೇಲೆ ಮನಸಾರೆ ಚಪ್ಪಾಳೆ ತಟ್ಟಿ.

ಹಂತ 7: ಓಡಾಟ

ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು, ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಮುಂದೆ ಹೋಗಿಬಿಡುತ್ತದೆ. ನಿಲ್ದಾಣ “ಪರಾಝೈಂ”, ಟಿಕೆಟ್ “ಬಿಲ್ಯೇತ್”, ಹೋಗಿ ಬರುವ ಟಿಕೆಟ್ “ಈದ ಈ ವೊಲ್ತ”. ಲಿಸ್ಬನ್ ಮೆಟ್ರೊದ ಹಣ ತುಂಬುವ ಕಾರ್ಡನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ, ತಲೆಗೊಂದು ಬೇಕು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಯಂತ್ರಕ್ಕೆ ತಾಗಿಸಿ. ಹಳದಿ ಬಣ್ಣದ 28ನೇ ನಂಬರ್ ಟ್ರಾಮು ನೂಕುನುಗ್ಗಲಿಗೂ ಜೇಬುಗಳ್ಳರಿಗೂ ಹೆಸರಾದದ್ದು. “ಕರ್ತೈರಿಶ್ತಶ್” ಎಂದು ಯಾರಾದರೂ ಕೂಗಿದರೆ ಜೇಬುಗಳ್ಳರಿದ್ದಾರೆ ಎಂದರ್ಥ, ಬ್ಯಾಗನ್ನು ಎದೆಗೆ ತಂದುಕೊಳ್ಳಿ.

ಹಂತ 8: ತೊಂದರೆಯಾದರೆ

ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಒಂದೇ ನಂಬರು: 112. “ಸುಕೋರ್ರು!” ಎಂದರೆ ಕಾಪಾಡಿ. “ಪ್ರಸೀಜ಼ು ದ್ ಉಂ ಮೆದಿಕು” ಎಂದರೆ ಡಾಕ್ಟರು ಬೇಕು. ನೋವಿರುವಲ್ಲಿ ಬೆರಳಿಟ್ಟು “ದೊಯ್‌–ಮ್ ಅಕೀ” ಎಂದರೆ ಇಲ್ಲಿ ನೋಯುತ್ತಿದೆ. ಔಷಧಿ ಅಂಗಡಿಗೆ ಹಸಿರು ಶಿಲುಬೆಯ ಗುರುತು. ರಾತ್ರಿ ಪಾಳಿಯಲ್ಲಿ ತೆರೆದಿರುವ ಅಂಗಡಿಗೆ “ಫರ್ಮಾಸಿಅ ದ್ ಸರ್ವೀಸು” ಎನ್ನುತ್ತಾರೆ, ಅದರ ವಿಳಾಸ ಮುಚ್ಚಿದ ಅಂಗಡಿಯ ಗಾಜಿನ ಮೇಲೆ ಅಂಟಿಸಿರುತ್ತಾರೆ. ದಿನವೂ ನುಂಗುವ ಮಾತ್ರೆಯಿದ್ದರೆ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರನ್ನು ಬರೆದಿಟ್ಟುಕೊಂಡಿರಿ. ನಮ್ಮ ಬ್ರ್ಯಾಂಡುಗಳು ಅಲ್ಲಿ ಗುರುತು ಸಿಗುವುದಿಲ್ಲ.

ಹೋಟೆಲು, ಅಂಗಡಿ, ಟ್ಯಾಕ್ಸಿಯವರು ನಿಜವಾಗಿಯೂ ಅನ್ಯಾಯ ಮಾಡಿದರೆ ಕೂಗಾಡಬೇಡಿ. ಗ್ರಾಹಕರೊಡನೆ ವ್ಯವಹರಿಸುವ ಪ್ರತಿ ಅಂಗಡಿ, ಹೋಟೆಲಿನಲ್ಲೂ “ಲೀವ್ರು ದ್ ರಕ್ಲಮಸೊಂಯ್ಶ್”, ಅಂದರೆ ದೂರು ಪುಸ್ತಕ, ಇರಲೇಬೇಕೆಂದು ಕಾನೂನಿದೆ. ಶಾಂತವಾಗಿ ಅದನ್ನು ಕೇಳಿ. ದೂರನ್ನು ಇಂಗ್ಲಿಷಿನಲ್ಲೂ ಬರೆಯಬಹುದು, ಒಂದು ಪ್ರತಿಯನ್ನು ನಿಮಗೆ ಕೊಡಬೇಕು. ಎಷ್ಟೋ ಸಲ ಪುಸ್ತಕ ಕೇಳಿದ ಕೂಡಲೇ ಬಿಲ್ಲು ಸರಿಹೋಗುತ್ತದೆ.